ಎಂಟು ಗೇಣಿನ ಗುರುತು

ಸುದ್ದಿ ತಂದವನು ಜಟ್ಟಪ್ಪ. ಸಿದ್ದಾಪುರದ ರಸ್ತೆ ನಮ್ಮೂರಿಗೆ ತಿರುಗುವ ಕ್ರಾಸಿನಲ್ಲಿ ಅವನದೊಂದು ಎಸ್‌ಟಿಡಿ ಬೂತ್ ಇತ್ತು. ಯಾರ ಮನೆಗಾದರೂ ಫೋನು ಬಂದರೆ ಅವನು ಸೈಕಲ್ ಹತ್ತಿ ಬಂದು, ಅಂಗಳದಲ್ಲಿ ಒಂದು ಕಾಲು ಊರಿ ನಿಂತು, ಹೇಳುವುದನ್ನು ಹೇಳಿ ಹಾಗೇ ತಿರುಗಿಸಿಕೊಂಡು ಹೋಗುವವನು. ಆ ದಿನ ಸೈಕಲ್ಲನ್ನು ನಡೆಸಿಕೊಂಡು ಬಂದ. ನಾನು ಪೂಜೆಗೆ ದಾಸವಾಳ ಕೊಯ್ಯುತ್ತಿದ್ದೆ. ಬೇಲಿಯಾಚೆ ಅವನು ನಡೆದು ಬರುವುದನ್ನು ಕಂಡಾಗಲೇ ನನ್ನ ಕೈ ನಿಂತಿತು. ಅವನು ಸೈಕಲ್ಲನ್ನು ಬೇಲಿಗೆ ಒರಗಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದ.

"ಮಾಸ್ತರ್ರೆ, ಸ್ವಲ್ಪ ಕೂತ್ಕಳಿ" ಎಂದ.

ನಾನು ಕೂರಲಿಲ್ಲ. ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳಿದೆ. ಆರೂವರೆಗೆ ಅಂದ.

ನನ್ನ ಮಗಳು ಸೀತಾ ಆ ಬೆಳಿಗ್ಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಅದು ೧೯೯೯ರ ಫಾಲ್ಗುಣ. ಅವಳಿಗೆ ನಲವತ್ತೆರಡು ತುಂಬಿತ್ತು. ಎದೆಯ ಗಡ್ಡೆಗೆ ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ವರ್ಷ ಕಳೆದಿತ್ತು. ಕೊನೆಯ ಸಲ ಹೋಗುವಾಗ, ಬಸ್ಸಿನಲ್ಲಿ ಕೂತು ಬರುವುದು ನಿನ್ನಿಂದ ಆಗದು ಎಂದು ನನ್ನನ್ನು ಮನೆಯಲ್ಲಿ ಬಿಟ್ಟು ಹೋದಳು. ನನ್ನ ತಂಗಿ ತಿಮ್ಮಿಯೂ ಅವಳ ಗಂಡ ಗಣಪನೂ ಜೊತೆಗಿದ್ದರು.

ಕೊಯ್ದ ಹೂವನ್ನು ದೇವರಿಗೆ ಏರಿಸುವಂತಿರಲಿಲ್ಲ. ಸೂತಕ. ಹೂಬುಟ್ಟಿಯನ್ನು ಜಗಲಿಯ ಮೇಲಿಟ್ಟೆ. ಮಧ್ಯಾಹ್ನದ ಮೇಲೆ ಅವಳನ್ನು ತಂದರು. ಆ ಹೊತ್ತಿಗೆ ದಾಸವಾಳಗಳೆಲ್ಲ ಮುದುಡಿಕೊಂಡಿದ್ದವು.

ನಾನು ಮೂವತ್ತಮೂರು ವರ್ಷ ಕನ್ನಡ ಶಾಲೆಯ ಮಾಸ್ತರನಾಗಿದ್ದವನು. ಸಿದ್ದಾಪುರ, ಶಿರಸಿ, ಯಲ್ಲಾಪುರ, ಮೂರೂ ತಾಲೂಕುಗಳಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟಿದ್ದೇನೆ. ಹೆಂಡತಿ ಬೇಗ ಹೋದಳು. ಸೀತಾ ಆಗಿನ್ನೂ ಹದಿನಾರರವಳು. ಮನೆಯ ಭಾರ ಹೊತ್ತಳು. ಬಂದ ಸಂಬಂಧಗಳನ್ನು ಮುಂದೂಡಿದಳು, ಆಮೇಲೆ ಸಂಬಂಧಗಳು ಬರುವುದು ನಿಂತಿತು. ಊರಿನ ಅಂಗನವಾಡಿಯಲ್ಲಿ ಶಿಕ್ಷಕಿಯಾದಳು. ಅವಳಿಗಿದ್ದ ಹೆಸರು ಮಾತ್ರ ಅದರಿಂದ ಬಂದದ್ದಲ್ಲ. ನಮ್ಮವರ ಮನೆಗಳಲ್ಲಿ ಮದುವೆಗೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಗೆರೆಗಳಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಗಂಡುಹೆಣ್ಣು ಅದರೆದುರು ಹಸೆಗೆ ಕೂರಬೇಕು. ಸೀತಾ ಬರೆದ ಹಸೆಯಲ್ಲಿ ಒಂದು ಗೆರೆಯೂ ನಡುಗಿರುತ್ತಿರಲಿಲ್ಲ. ಸುತ್ತಲ ಊರುಗಳಿಂದ ಅವಳನ್ನು ಕರೆದೊಯ್ಯಲು ಬರುತ್ತಿದ್ದರು.

ಹನ್ನೊಂದನೆಯ ದಿನ ಎಡೆ ಇಟ್ಟೆವು. ಅವಳಿಗಿಷ್ಟವಾದ ಹಲಸಿನ ಹಪ್ಪಳ ಇಟ್ಟಿದ್ದೆವು. ನಾವು ಹತ್ತು ಹೆಜ್ಜೆ ಹಿಂದೆ ಸರಿಯುವುದರೊಳಗೆ ಕಾಗೆ ಬಂದು ಅದನ್ನೇ ಎತ್ತಿಕೊಂಡಿತು. ಅವಳಿಗೆ ಇಲ್ಲಿ ಏನೂ ಬಾಕಿಯಿಲ್ಲ, ಹಗುರಾಗಿ ಹೋದಳು ಎಂದು ಎಲ್ಲರೂ ಅಂದರು. ತಿಮ್ಮಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕಾಗೆಗೆ ಕೈಮುಗಿದಳು. ನಾನೂ ಮುಗಿದೆ. ನಂಬಿದೆ.

ಮರುದಿನ ಬೆಳಿಗ್ಗೆ ನಾನು ನಡುಮನೆಯಲ್ಲಿ ಜಪಕ್ಕೆ ಕೂತಿದ್ದಾಗ ಹಿಂದಿನಿಂದ ಸದ್ದು ಕೇಳಿತು. ಸರ, ಸರ. ಒಣಗಿದ ಬೆರಳುಗಳು ಮಣ್ಣಿನ ಗೋಡೆಯ ಮೇಲೆ ಮೆಲ್ಲಗೆ ಹತ್ತುವ ಸದ್ದು. ಆ ಸದ್ದು ನನಗೆ ಎಷ್ಟು ಪರಿಚಿತವೆಂದರೆ, ನಾನು ತಿರುಗದೆಯೇ "ಮೆಲ್ಲಗೆ ಮಗಾ" ಎಂದುಬಿಟ್ಟೆ. ಅಂದ ಮೇಲೆ ಅವಳು ಸತ್ತಿರುವುದು ನೆನಪಾಯಿತು. ಕೈಯಲ್ಲಿದ್ದ ಜಪಸರ ಹಾಗೇ ನಿಂತಿತು.

ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮೂಡಣ ಬಾಗಿಲಿನಿಂದ ಬಂದ ಎಳೆಬಿಸಿಲು ಪಡುವಣ ಗೋಡೆಯ ಮೇಲೆ ಬಿದ್ದಿತ್ತು. ಗೋಡೆಯ ಬುಡದಲ್ಲಿ ಒಂದು ಚಿಟಿಕೆಯಷ್ಟು ಕೆಂಪು ಪುಡಿ. ಅದರ ನೇರ ಮೇಲೆ, ನನ್ನ ಎದೆಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಒಂದು ಬಿಳಿಯ ಗೆರೆ. ಬೆರಳಿನಷ್ಟು ದಪ್ಪ, ಬೆರಳಿನಷ್ಟು ಉದ್ದ. ಹಿಂದಿನ ದಿನ ಅದು ಅಲ್ಲಿರಲಿಲ್ಲ.

ಅದು ಸೀತಾ ಹಾಕಿದ ಮೊದಲನೆಯ ಗುರುತು. ಅದರ ಮೇಲೆ ಕೆಮ್ಮಣ್ಣು ಬಳಿದು ಅಳಿಸಿದವನು ನಾನೇ.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

೧೯೯೭ರ ಶ್ರಾವಣದಲ್ಲಿ ಹುಬ್ಬಳ್ಳಿಯಲ್ಲಿ ಅವಳ ಬಲಗಡೆಯ ಎದೆಯನ್ನು ತೆಗೆದರು. ಕಂಕುಳಿನೊಳಗಿನ ಗಂಟುಗಳನ್ನೂ ತೆಗೆದರು. ಮನೆಗೆ ಬಂದಾಗ ಅವಳ ಬಲಗೈ ಮಗ್ಗುಲಿಗೆ ಅಂಟಿಕೊಂಡಂತೆ ಇತ್ತು. ತಲೆ ಬಾಚಲು ಆಗುತ್ತಿರಲಿಲ್ಲ, ಕುಪ್ಪಸದ ತೋಳಿಗೆ ಕೈ ತೂರಿಸಲು ಆಗುತ್ತಿರಲಿಲ್ಲ. ನೋಡಲು ಬಂದ ಹೆಂಗಸರೆಲ್ಲ ಒಂದೇ ಮಾತು ಹೇಳಿದರು: ಕತ್ತಿ ತಾಗಿದ ಮೈ, ಅಲ್ಲಾಡಿಸಬೇಡ, ಮಲಗಿರು. ಆಸ್ಪತ್ರೆಯ ಸಿಸ್ಟರು ಅದಕ್ಕೆ ತದ್ವಿರುದ್ಧವಾಗಿ ಹೇಳಿ ಕಳಿಸಿದ್ದರು. ಹಾವೇರಿ ಕಡೆಯವರು, ಗಟ್ಟಿ ದನಿಯವರು. "ದಿನಾ ಮಾಡಬೇಕ್ರಿ ಅಕ್ಕಾರ. ಮಲಗಿಬಿಟ್ರ ಕೈ ಗೂಟ ಆಗ್ತೈತಿ" ಎಂದು ಅವರು ಹೇಳಿದ್ದನ್ನು ಸೀತಾ ನನಗೆ ಅವರದೇ ರಾಗದಲ್ಲಿ ಹೇಳಿ ತೋರಿಸಿದ್ದಳು.

ಒಂದು ಹಾಳೆ ಕೊಟ್ಟಿದ್ದರು. ಅದರಲ್ಲಿ ಚಿತ್ರಗಳಿದ್ದವು. ಬಟ್ಟೆಯ ಉಂಡೆಯನ್ನು ಅಂಗೈಯಲ್ಲಿ ಹಿಸುಕುವುದು, ಭುಜ ತಿರುಗಿಸುವುದು, ಬೆಳಿಗ್ಗೆ ಸಂಜೆ ಅಂಗಳದಲ್ಲಿ ನಡೆಯುವುದು. ಎಲ್ಲಕ್ಕಿಂತ ಮುಖ್ಯವಾದದ್ದು ಗೋಡೆ ಹತ್ತುವುದು. ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಜೇಡ ಹತ್ತಿದಂತೆ ಒಂದೊಂದಾಗಿ ಮೇಲಕ್ಕೆ ನಡೆಸಬೇಕು. ಎಲ್ಲಿಗೆ ನಿಂತಿತೋ ಅಲ್ಲಿ ಗುರುತು ಹಾಕಬೇಕು. ನಾಳೆ ಅದರ ಮೇಲಕ್ಕೆ ಹೋಗಬೇಕು.

ಮೊದಲನೆಯ ದಿನ ಬೆರಳುಗಳು ಎದೆಯ ಮಟ್ಟಕ್ಕೂ ಏರಲಿಲ್ಲ. ಅವಳ ಹಣೆಯಲ್ಲಿ ಬೆವರಿಳಿಯಿತು. ಎಡಗೈಯ ಬೆರಳನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ದಪ್ಪಗೆ ಒಂದು ಗೆರೆ ಎಳೆದಳು. ಅಂಗಳದ ಆಚೆಯ ಮನೆಯಿಂದ ಬಂದ ತಿಮ್ಮಿ ಬಾಗಿಲಲ್ಲಿ ನಿಂತು ನೋಡಿ, "ಗೋಡೆ ಮೇಲೆ ಎಂತ ಹಲ್ಲಿ ಹಿಡೀತಿದ್ಯನೇ?" ಎಂದು ಕೇಳಿದಳು.

"ಹಲ್ಲಿ ನಾನೇ ಅತ್ತೆ" ಎಂದಳು ಸೀತಾ. "ಹುಳ ಮೇಲಿದೆ."

ಆ ಹುಳ ಯಾವುದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ತಿಮ್ಮಿಯ ಮಗಳು ಭೂಮಿಕಾಳ ಮದುವೆ ಮುಂದಿನ ವೈಶಾಖಕ್ಕೆ ನಿಶ್ಚಯವಾಗಿತ್ತು. ಆ ಹುಡುಗಿಯನ್ನು ಎತ್ತಿ ಆಡಿಸಿದವಳು ಸೀತಾ. ಅವಳ ಹಸೆಯನ್ನು ತಾನೇ ಬರೆಯಬೇಕೆಂಬುದು ಸೀತಾಳ ಹಟ. ಹಸೆಯ ಮೇಲಿನ ಗೆರೆ ನೆಲದಿಂದ ಒಂಬತ್ತು ಗೇಣು. ಬಲಗೈ ಅಲ್ಲಿಗೆ ಹೋಗಬೇಕು, ಹೋಗಿ ನಡುಗದೆ ನಿಲ್ಲಬೇಕು.

ಹಸೆ ಬರೆಯುವ ಹೆಂಗಸರಿಗೆ ಗೇಣೇ ಅಳತೆ. ಗೇಣಿಗೆ ಹನ್ನೆರಡು ಬೆರಳು. ಸೀತಾ ಕೂಡ ದಿನವೂ ಅದೇ ಲೆಕ್ಕದಲ್ಲಿ, ಎಡಗೈಯ ಗೇಣಿನಿಂದ ನೆಲದಿಂದ ಮೇಲಕ್ಕೆ ಅಳೆದು, ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಐದು ಗೇಣು. ಐದು ಗೇಣು ಒಂದು ಬೆರಳು. ಏರದ ದಿನ ಅಡ್ಡಗೀಟು. ಹತ್ತು ದಿನ ಕಳೆದ ಮೇಲೆ ಬೆರಳನ್ನು ಬಿಟ್ಟು ಪುಂಡಿನಾರಿನ ಕುಂಚದಲ್ಲಿ ಗುರುತು ಹಾಕತೊಡಗಿದಳು. ಗೆರೆಗಳು ತೆಳುವಾದವು, ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ಏರಿದವು. ಆರು ಗೇಣಾದ ದಿನ ತಾನೇ ತಲೆ ಬಾಚಿಕೊಂಡಳು. ನಲವತ್ತೇಳನೆಯ ದಿನ ನೋಟ್‌ಬುಕ್ಕಿನಲ್ಲಿ ಬರೆದಳು: ಎಂಟು ಗೇಣು. ಅವಳ ನೆತ್ತಿಗಿಂತ ಮೇಲೆ. ಆ ದಿನ ನಮ್ಮ ಮನೆಯಲ್ಲಿ ಪಾಯಸವಾಯಿತು.

ಅದರ ಮರುದಿನವೇ, ರೋಗ ಮರುಕಳಿಸದಿರಲೆಂದು ಕೊಡುವ ಮೊದಲ ಇಂಜೆಕ್ಷನ್ನಿಗೆ, ಅವಳು ಹುಬ್ಬಳ್ಳಿಗೆ ಹೊರಟಳು. ಗಾಯ ಮಾಯುವುದು ತಡವಾದ್ದರಿಂದ ಅಷ್ಟು ದಿನ ಕಾದಿದ್ದರು. ಮೂರು ವಾರಕ್ಕೊಂದರಂತೆ ಒಟ್ಟು ಆರು ಕೊಡುವುದೆಂದು ಡಾಕ್ಟರು ಹೇಳಿದ್ದರು. ಗಣಪ ಜೊತೆಗೆ ಹೋದ. ಬರುವುದಕ್ಕೆ ಮೂರು ದಿನ.

ಭೂಮಿ ಹುಣ್ಣಿಮೆಗೆ ನಾಲ್ಕೇ ದಿನ ಉಳಿದಿತ್ತು. ಫಸಲು ಹೊತ್ತು ನಿಂತ ಭೂಮಿಯನ್ನು ಬಸುರಿಯೆಂದು ತಿಳಿದು ನಾವು ಆ ದಿನ ಗದ್ದೆಗೆ ಹೋಗಿ ಅವಳಿಗೆ ಊಟ ಬಡಿಸುತ್ತೇವೆ. ಅದರೊಳಗೆ ಮನೆಯ ಗೋಡೆಗಳೆಲ್ಲ ಕೆಮ್ಮಣ್ಣು ಕಾಣಬೇಕು. ಹೆಂಗಸರ ಕೆಲಸ ಅದು. ಆ ವರ್ಷ ನಮ್ಮ ಮನೆಯಲ್ಲಿ ಮಾಡುವ ಕೈ ಇರಲಿಲ್ಲ. ತಿಮ್ಮಿ ತಾನು ಬಂದು ಬಳಿದುಕೊಡುತ್ತೇನೆ ಎಂದಳು. ನಾನೇ ಕೇಳಲಿಲ್ಲ. ಮಗಳು ಗುಣವಾಗಲಿ ಎಂದು ಭೂಮಿತಾಯಿಯನ್ನು ಬೇಡಿಕೊಳ್ಳುವವನು ನಾನು, ಸೇವೆಯೂ ನನ್ನ ಕೈಯದೇ ಆಗಬೇಕು ಎಂಬ ಭಾವ ನನಗೆ. ಮೂರು ಗೋಡೆ ಬಳಿದು ಪಡುವಣ ಗೋಡೆಗೆ ಬಂದಾಗ ತಿಮ್ಮಿ ಬಾಗಿಲಿಗೆ ಬಂದಳು.

"ಅದೊಂದು ಗೋಡೆ ಬಿಟ್ಬಿಡಣ್ಣ. ಅವ್ಳ ಗುರುತು ಇದೆ."

"ಅರ್ಧ ಬಳಿದ ಮನೆಗೆ ತಾಯಿ ಬರ್ತಾಳನೇ?" ಎಂದೆ. ಗುರುತುಗಳೆಲ್ಲ ಪುಸ್ತಕದಲ್ಲಿವೆ, ಕೊನೆಯದನ್ನು ಅಳೆದು ಮತ್ತೆ ಹಾಕಿಬಿಡುತ್ತೇನೆ ಎಂದೂ ಹೇಳಿದೆ. ಮಾಸ್ತರನಾದ ಅಣ್ಣನೆದುರು ಅವಳು ಎಂದೂ ಎರಡನೆಯ ಸಲ ಮಾತಾಡಿದವಳಲ್ಲ.

ಮೂವತ್ತೇಳು ಗೆರೆಗಳ ಮೇಲೆ ನಾನು ಕೆಮ್ಮಣ್ಣು ಬಳಿದೆ. ಒಣಗಿದ ಮೇಲೆ ನೋಟ್‌ಬುಕ್ಕನ್ನು ತೆರೆದಿಟ್ಟುಕೊಂಡು, ನೆಲದಿಂದ ಮೇಲಕ್ಕೆ ಎಂಟು ಗೇಣು ಅಳೆದು, ಅಕ್ಕಿಹಿಟ್ಟಿನಲ್ಲಿ ನೀಟಾಗಿ ಒಂದು ಗೆರೆ ಎಳೆದೆ.

ಹುಣ್ಣಿಮೆಯ ಹಿಂದಿನ ದಿನ ಅವಳು ಬಂದಳು. ದಾರಿಯುದ್ದಕ್ಕೂ ವಾಂತಿಯಾಗಿತ್ತು. ಆದರೂ ಒಳಗೆ ಬಂದವಳು ಮೊದಲು ಗೋಡೆಯನ್ನೇ ನೋಡಿದಳು. ಗುರುತೆಲ್ಲಿ ಹೋಯಿತೆಂದು ಕೇಳಿದಳು. ನಾನು ತೋರಿಸಿದೆ. ಹಬ್ಬ ಕಳೆದು ಎರಡು ದಿನಕ್ಕೆ ಗೋಡೆ ಹತ್ತಿದಳು. ಬೆರಳುಗಳು ಗುರುತಿನ ಕೆಳಗೆ ನಿಂತವು. ಮತ್ತೆ ಹತ್ತಿಸಿದಳು. ಮತ್ತೆ ಅಲ್ಲೇ ನಿಂತವು. ತಿಮ್ಮಿಗೆ ತಡೆಯಲಾಗಲಿಲ್ಲ. ಅಣ್ಣ ಸರಿಯಾಗಿ ಅಳೆದನೋ ಇಲ್ಲವೋ ಎಂದು ಸೀತಾಳನ್ನೇ ಕೇಳಿದಳು.

"ಅಪ್ಪಯ್ಯ ಅಳ್ದದ್ದು ತಪ್ಪಾಗ್ತದಾ ಅತ್ತೆ?" ಎಂದಳು ಸೀತಾ. "ಹುಟ್ಟಿದಾಗಿಂದ ಅದನ್ನೇ ಕಲಿಸಿದವ್ರು."

ನಾನು ಪಕ್ಕದಲ್ಲೇ ಇದ್ದೆ. ನನಗೆ ಹೆಮ್ಮೆಯೆನಿಸಿತು. ಅದನ್ನೂ ಇಲ್ಲಿ ಬರೆಯದಿದ್ದರೆ ಬರೆದದ್ದಕ್ಕೆ ಅರ್ಥವಿಲ್ಲ.

ಅಂದಿನಿಂದ ಅವಳು ನೆಲದಿಂದ ಅಳೆಯುವುದನ್ನು ಬಿಟ್ಟಳು. ಗುರುತಿನಿಂದ ಕೆಳಕ್ಕೆ ಅಳೆದಳು. ನೋಟ್‌ಬುಕ್ಕಿನಲ್ಲಿ ಬರೆದಳು: ಗುರುತಿಗೆ ಎಂಟು ಬೆರಳು ಕಡಿಮೆ. ಅವಳ ಮನಸ್ಸಿನಲ್ಲಿ ಒಂದೇ ಕಾರಣ ಬಂತು. ಹೋಗುವ ಮುನ್ನಾದಿನ ಮುಟ್ಟಿದ್ದನ್ನು ಬಂದ ಮೇಲೆ ಮುಟ್ಟಲಾಗುತ್ತಿಲ್ಲ. ನಡುವೆ ಆದದ್ದು ಇಂಜೆಕ್ಷನ್ನು ಒಂದೇ. ಬಿಡದೆ ಹತ್ತಿದಳು. ಏಳು ಕಡಿಮೆ, ಆರು ಕಡಿಮೆ. ಮೂರು ವಾರಕ್ಕೆ ನಾಲ್ಕು ಬೆರಳು ಕಡಿಮೆ ಎಂಬಲ್ಲಿಗೆ ಬಂದಾಗ ಎರಡನೆಯ ಇಂಜೆಕ್ಷನ್ನಿನ ದಿನ ಬಂತು. ಗಣಪ ಚೀಲ ಹಿಡಿದು ಅಂಗಳಕ್ಕೆ ಬಂದ. ಸೀತಾ ಜಗಲಿಯಿಂದ ಏಳಲಿಲ್ಲ.

"ಒಂದಕ್ಕೆ ಎಂಟು ಬೆರಳು ಇಳೀತು ಅಪ್ಪಯ್ಯ. ಇನ್ನು ಐದು ಇದೆ. ನಲವತ್ತು ಬೆರಳು. ಕೈ ಸೊಂಟಕ್ಕೆ ಬರ್ತದೆ. ಆಮೇಲೆ ಹಸೆ ಬರೆಯೂದು ಯಾರು?"

ಎಂಟೈದಲ ನಲವತ್ತು. ಗುಣಾಕಾರ ಸರಿಯಿತ್ತು. ನಾನು ಗಣಪನಿಗೆ, ಈ ಸಲ ಬೇಡ, ಮದುವೆ ಕಳೆಯಲಿ ಎಂದೆ.

ಆಸ್ಪತ್ರೆಯ ಆ ಸಿಸ್ಟರು ಕಾಗದ ಬರೆದರು. ಇಂಜೆಕ್ಷನ್ನಿಗೂ ಕೈಗೂ ಸಂಬಂಧವಿಲ್ಲ, ಸುಸ್ತಾದರೂ ವ್ಯಾಯಾಮ ಮಾಡಿಕೊಂಡೇ ಇಂಜೆಕ್ಷನ್ ಮುಗಿಸಬೇಕು, ಕೂಡಲೇ ಕಳಿಸಿ ಎಂದು. ನಾನು ಮುದ್ದಾದ ಅಕ್ಷರದಲ್ಲಿ ಉತ್ತರಿಸಿದೆ: ಮಗಳು ದಿನೇದಿನೇ ಸುಧಾರಿಸುತ್ತಿದ್ದಾಳೆ, ದೇವರ ದಯೆ.

ಸುಧಾರಿಸಿದ್ದು ಸುಳ್ಳಲ್ಲ. ಮಾಘದಲ್ಲಿ ಅವಳ ಬೆರಳುಗಳು ನಾನು ಹಾಕಿದ ಗುರುತನ್ನು ದಾಟಿದವು. ಇಂಜೆಕ್ಷನ್ ಬಿಟ್ಟದ್ದೇ ಒಳ್ಳೆಯದಾಯಿತು ಎಂದು ಊರೆಲ್ಲ ಹೇಳಿತು. ವೈಶಾಖದಲ್ಲಿ ತಿಮ್ಮಿಯ ಮನೆಯ ಗೋಡೆಯ ಮುಂದೆ ನಿಂತು ಅವಳು ಎರಡು ದಿನ ಹಸೆ ಬರೆದಳು. ಒಂಬತ್ತು ಗೇಣಿನ ಮೇಲಿನ ಗೆರೆಯನ್ನು ಈ ತುದಿಯಿಂದ ಆ ತುದಿಗೆ ಎಳೆದಳು. ಗೆರೆ ನಡುಗಲಿಲ್ಲ. ಕೈ ಇಳಿಸಿ ಅವಳು ನನ್ನ ಕಡೆ ನೋಡಿ ನಕ್ಕಳು. ಆ ನಗು ನೆನಪಾದರೆ ನನಗೆ ಈಗಲೂ ಅನ್ನ ಇಳಿಯುವುದಿಲ್ಲ.

ಆ ವರ್ಷದ ಭೂಮಿ ಹುಣ್ಣಿಮೆಯ ಹೊತ್ತಿಗೆ ಬೆನ್ನು ನೋವು ಶುರುವಾಗಿತ್ತು. ನಾನು ಕೆಮ್ಮಣ್ಣು ಕಲಸುತ್ತಿದ್ದಾಗ ಅವಳು ಮಲಗಿದಲ್ಲಿಂದಲೇ, ಪಡುವಣ ಗೋಡೆಯನ್ನು ಮುಟ್ಟಬೇಡ, ನೀ ಹಾಕಿದ ಗುರುತು ಇರಲಿ ಎಂದಳು. ನಾನು ಮುಟ್ಟಲಿಲ್ಲ. ದೀಪಾವಳಿಗೆ ಮತ್ತೆ ಆಸ್ಪತ್ರೆ. ರೋಗ ಎಲುಬಿಗೆ ಹೋಗಿದೆ ಎಂದರು. ಮಾಘದಲ್ಲಿ ಉಸಿರು ಕಟ್ಟತೊಡಗಿತು. ಫಾಲ್ಗುಣದಲ್ಲಿ ಜಟ್ಟಪ್ಪ ಸೈಕಲ್ಲನ್ನು ನಡೆಸಿಕೊಂಡು ಬಂದ.

ಆದ್ದರಿಂದ ಹನ್ನೆರಡನೆಯ ದಿನ ಬೆಳಿಗ್ಗೆ ಗೋಡೆಯ ಮೇಲೆ ಆ ಮೊದಲನೆಯ ಗೆರೆ ಎದ್ದು ಬಂದದ್ದನ್ನು ಕಂಡಾಗ ನನಗೆ ಮೂಡಿದ ಭಾವ ಭಯವೆಂದು ಹೇಳಲಾರೆ. ಸಂತೋಷವೆಂದೂ ಹೇಳಲಾರೆ. ಕೆಂಪು ಪುಡಿಯನ್ನು ಗುಡಿಸಿ ತುಳಸಿಯ ಬುಡಕ್ಕೆ ಹಾಕಿದೆ. ಯಾರಿಗೂ ಹೇಳಲಿಲ್ಲ.

ಮರುದಿನ ಅದೇ ಹೊತ್ತಿಗೆ ಅದೇ ಸದ್ದು. ಮೊದಲನೆಯದರ ಮೇಲೆ ಎರಡನೆಯ ಗೆರೆ. ಮೂರನೆಯ ದಿನ ಎರಡು. ಕೆಲವು ದಿನ ಏನೂ ಇಲ್ಲ. ಆ ದಿನಗಳಲ್ಲಿ ನನಗೆ, ಇವತ್ತು ಅವಳಿಗೆ ಸುಸ್ತಾಗಿರಬೇಕು ಅನ್ನಿಸುತ್ತಿತ್ತು. ನಾನು ಅವಳ ನೋಟ್‌ಬುಕ್ಕು ತೆಗೆದು ಗೆರೆಯೆದುರಿಗೆ ಟಿಕ್ಕು ಹಾಕತೊಡಗಿದೆ. ಐದು ಗೇಣು ಮೂರು ಬೆರಳು: ಬಂದಿತು. ಐದು ಗೇಣು ನಾಲ್ಕು: ಬಂದಿತು. ಶಾಲೆಯಲ್ಲಿ ಹಾಜರಿ ಹಾಕಿದಂತೆ. ಕಾಗೆ ಹಪ್ಪಳ ತಿಂದು ಹಾರಿಹೋಗಿತ್ತು, ಆದರೆ ನನ್ನ ಮಗಳು ಹೋಗಿರಲಿಲ್ಲ. ಬಿಸಿಲು ಗೋಡೆಗೆ ಬೀಳುವ ಹೊತ್ತಿಗೆ ಬಂದು, ಸೋಲದೆ, ಮೊದಲಿನಿಂದ ಮತ್ತೆ ಹತ್ತುತ್ತಿದ್ದಳು. ಯಾತಕ್ಕೆ ಹತ್ತುತ್ತಿದ್ದಾಳೆ? ಹಸೆ ಬರೆದಾಗಿದೆ. ಹುಡುಗಿ ಗಂಡನ ಮನೆಗೆ ಹೋಗಿ ವರ್ಷವಾಗುತ್ತ ಬಂದಿದೆ. ಇನ್ನೇನು ಬೇಕು ಇವಳಿಗೆ? ಜಪದಲ್ಲಿ ದೇವರ ಹೆಸರಿನ ಬದಲು ನಾನು ಇದನ್ನೇ ಕೇಳುತ್ತಿದ್ದೆ.

ಚೈತ್ರ ಕಳೆಯಿತು. ಬಿಸಿಲು ಬಲಿತಂತೆ ಗೆರೆಗಳು ಬೇಗ ಬೇಗ ಏರಿದವು. ಅಕ್ಷಯ ತದಿಗೆಯ ದಿನ ಮೂವತ್ತೇಳನೆಯ ಗೆರೆ ಕಾಣಿಸಿಕೊಂಡಿತು. ಕೂದಲೆಳೆಯಷ್ಟು ತೆಳು. ನೋಟ್‌ಬುಕ್ಕಿನಲ್ಲಿ ಅದರ ಎದುರಿಗಿದ್ದದ್ದು ಎಂಟು ಗೇಣು.

ನಾನು ಗೋಡೆ ನೋಡಿದೆ. ಆ ಗೆರೆಯ ಮೇಲೆ ಖಾಲಿ ಕೆಂಪು ಗೋಡೆ. ಅದರ ಮೇಲೆ, ಬಹಳ ಮೇಲೆ, ನಾನು ಎಳೆದ ಎಂಟು ಗೇಣಿನ ಗುರುತು.

ಇನ್ನೂ ಕೆಲವು ಗೆರೆಗಳು ಬರಬೇಕಾಗಿವೆ, ನಾನು ಎಣಿಸಿದ್ದು ತಪ್ಪಿರಬೇಕು ಎಂದುಕೊಂಡೆ. ಐದು ದಿನ ಕಾದೆ. ಸದ್ದು ಬರಲಿಲ್ಲ. ಪುಡಿ ಬೀಳಲಿಲ್ಲ. ಆರನೆಯ ದಿನ ಕೈಯಲ್ಲಿ ಅಳೆದೆ. ಅವಳ ಗೆರೆ ಏಳು ಗೇಣು ದಾಟಿ ಸ್ವಲ್ಪಕ್ಕೆ ಸಿಕ್ಕಿತು. ನನ್ನದು ಸರಿಯಾಗಿ ಎಂಟಕ್ಕೆ.

ಅವಳ ಕುಂಚಗಳನ್ನಿಡುವ ಡಬ್ಬಿ ದೇವರ ಗೂಡಿನ ಕೆಳಗಿತ್ತು. ಅದರಲ್ಲಿ ಹಸೆಯ ಚೌಕಟ್ಟು ಹಿಡಿಯುವ ದಾರವಿತ್ತು. ಬರೆಯುವವಳು ತನ್ನ ಗೇಣಿಗೊಂದರಂತೆ ಅದಕ್ಕೆ ಗಂಟು ಹಾಕಿಕೊಂಡಿರುತ್ತಾಳೆ. ಒಂದು ಗಂಟಿನಿಂದ ಇನ್ನೊಂದಕ್ಕೆ ನನ್ನ ಕೈಯನ್ನು ಹಾಸಿ ನೋಡಿದೆ. ನನ್ನ ಹೆಬ್ಬೆರಳು ಗಂಟಿನ ಮೇಲಿದ್ದರೆ ಕಿರುಬೆರಳು ಮುಂದಿನ ಗಂಟನ್ನು ಒಂದು ಬೆರಳು ದಾಟಿ ನಿಂತಿತು. ಗೇಣಿಗೊಂದು ಬೆರಳು. ಎಂಟು ಗೇಣಿಗೆ ಎಂಟು ಬೆರಳು. ದಾರವನ್ನು ಗೋಡೆಗೆ ಹಿಡಿದೆ. ಎಂಟನೆಯ ಗಂಟು ಅವಳ ಆ ತೆಳು ಗೆರೆಯ ಮೇಲೆ ಕೂತಿತು.

ಮೂರನೆಯ ಇಯತ್ತೆಯ ಗಣಿತದಲ್ಲಿ ಅಳತೆಯ ಪಾಠ ಹೇಗೆ ಶುರುವಾಗುತ್ತದೆ ಎಂಬುದು ನನಗೆ ಬಾಯಿಪಾಠ. ಒಬ್ಬ ಎತ್ತರದ ಹುಡುಗನನ್ನೂ ಒಬ್ಬ ಗಿಡ್ಡ ಹುಡುಗನನ್ನೂ ಎಬ್ಬಿಸಿ ಒಂದೇ ಮೇಜನ್ನು ಗೇಣಿನಲ್ಲಿ ಅಳೆಸುತ್ತಿದ್ದೆ. ಒಬ್ಬನಿಗೆ ಆರು, ಇನ್ನೊಬ್ಬನಿಗೆ ಏಳು. ಮಕ್ಕಳು ನಗುತ್ತಿದ್ದರು. ನೋಡಿ ಮಕ್ಕಳೇ, ಒಬ್ಬರ ಗೇಣು ಇನ್ನೊಬ್ಬರ ಗೇಣಲ್ಲ, ಅದಕ್ಕೇ ನಮಗೆ ಮೀಟರು ಬೇಕು ಎನ್ನುತ್ತಿದ್ದೆ. ಆ ಮಕ್ಕಳಲ್ಲಿ ಒಂದು ವರ್ಷ ಸೀತಾಳೂ ಇದ್ದಳು. ಗಿಡ್ಡ ಹುಡುಗನ ಬದಲು ಅವಳನ್ನೇ ಎಬ್ಬಿಸಿದ್ದೆ.

ನೋಟ್‌ಬುಕ್ಕಿನ ಮುಂದಿನ ಪುಟ ತಿರುಗಿಸಿದೆ. ಗುರುತಿಗೆ ಎಂಟು ಬೆರಳು ಕಡಿಮೆ. ಎಂದರೆ ಇಂಜೆಕ್ಷನ್ನಿನಿಂದ ಬಂದ ಮೇಲೆ ಅವಳ ಕೈ ಒಂದು ಬೆರಳೂ ಇಳಿದಿರಲಿಲ್ಲ. ವಾಂತಿ ಮಾಡಿಕೊಂಡು, ನೀರೂ ದಕ್ಕದೆ ಬಂದವಳು, ಎಲ್ಲಿ ಬಿಟ್ಟಿದ್ದಳೋ ಸರಿಯಾಗಿ ಅಲ್ಲಿಗೇ ಹತ್ತಿದ್ದಳು. ಏಳು ಕಡಿಮೆ ಎಂದು ಬರೆದ ದಿನ ಅವಳು ಹಿಂದೆಂದೂ ಏರದಷ್ಟು ಮೇಲೆ ಏರಿದ್ದಳು. ಗಣಪ ಚೀಲ ಹಿಡಿದು ನಿಂತ ದಿನ ಅವಳು ನಾಲ್ಕು ಬೆರಳು ಗೆದ್ದಿದ್ದಳು. ಅವಳ ಕೈ ಇಳಿಯಲಿಲ್ಲ. ಗುರುತು ಏರಿತ್ತು. ಏರಿಸಿದವನು ನಾನು.

ತಿಮ್ಮಿಯನ್ನು ಕರೆದು ಗೋಡೆಯ ಮುಂದೆ ನಿಲ್ಲಿಸಿ, ದಾರ ಹಿಡಿದು ತೋರಿಸಿ, ಎಲ್ಲವನ್ನೂ ಹೇಳಿದೆ. ಅವಳು ಮೊದಲು ಗೆರೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅಕ್ಕಿಹಿಟ್ಟಿನ ಮೇಲೆ ಕೆಮ್ಮಣ್ಣು ನಿಲ್ಲುವುದಿಲ್ಲವಂತೆ. ಬಳಿಯುವ ಮುಂಚೆ ಹಳೆಯ ಗೆರೆಯನ್ನು ಒದ್ದೆ ಬಟ್ಟೆಯಲ್ಲಿ ತೊಳೆಯಬೇಕಂತೆ. ತೊಳೆಯದಿದ್ದರೆ ಒಂದೆರಡು ಬೇಸಿಗೆಯೊಳಗೆ ಬಿಸಿಲು ತಾಗಿದಲ್ಲಿ ಉದುರುತ್ತದೆ, ದಪ್ಪ ಗೆರೆಯ ಮೇಲಿನದು ಮೊದಲು, ತೆಳುವಿನದು ಆಮೇಲೆ. ಯಾವ ಹೆಂಗಸಿಗೂ ಗೊತ್ತಿರುವ ಮಾತು. ಕೇಳಿದ್ದರೆ ಅಂದೇ ಹೇಳುತ್ತಿದ್ದೆ ಎಂದು ಅವಳು ಅನ್ನಲಿಲ್ಲ. ಅನ್ನದಿದ್ದದ್ದು ನನಗೆ ಕೇಳಿಸಿತು.

"ಅವ್ಳಿಗೆ ಇದು ಗೊತ್ತಾಗಿತ್ತಾ?" ಎಂದು ಕೇಳಿದಳು.

"ಇಲ್ಲ."

"ಹಂಗಾರೆ ಹೇಳು. ನಂಗಲ್ಲ, ಅವ್ಳಿಗೆ."

ಕೂಡಲೇ ನನ್ನಿಂದ ಆಗಲಿಲ್ಲ. ಮೊದಲು ಆ ಸಿಸ್ಟರಿಗೆ ಬರೆದೆ. ನಡೆದದ್ದನ್ನು ನಡೆದಂತೆ ಬರೆದೆ, ಅಕ್ಷರ ಈ ಸಲ ಮುದ್ದಾಗಿರಲಿಲ್ಲ. ಅವರು ಉತ್ತರ ಕೊಟ್ಟರು. ಆರೂ ಇಂಜೆಕ್ಷನ್ ಆಗಿದ್ದರೂ ಉಳಿಯುತ್ತಿದ್ದಳೆಂದು ಯಾರೂ ಹೇಳಲಾರರು, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು. ಉಳಿಯುತ್ತಿರಲಿಲ್ಲವೆಂದೂ ಯಾರೂ ಹೇಳಲಾರರು. ಅದನ್ನು ಅವರು ಬರೆಯಲಿಲ್ಲ, ಒಳ್ಳೆಯವರು.

ಮತ್ತೆ ಭೂಮಿ ಹುಣ್ಣಿಮೆ ಬಂತು. ತಿಮ್ಮಿ ಬಂದು ಮೂರು ಗೋಡೆ ಬಳಿದುಕೊಟ್ಟಳು. ಪಡುವಣ ಗೋಡೆಯ ಮುಂದೆ ಒದ್ದೆ ಬಟ್ಟೆಯೊಂದನ್ನು ನನ್ನ ಕೈಯಲ್ಲಿಟ್ಟು ಹೊರಗೆ ಹೋದಳು. ತೊಳೆದುಬಿಟ್ಟರೆ ಅವು ಇನ್ನೆಂದೂ ಎದ್ದು ಬರುವುದಿಲ್ಲ. ಗೋಡೆ ಪೂರ್ತಿ ಕೆಂಪಾಗುತ್ತದೆ, ತಾಯಿ ಬರುವ ಮನೆ ಹೇಗಿರಬೇಕೋ ಹಾಗೆ.

ನಾನು ಕೈ ಎತ್ತಿ ನನ್ನ ಗುರುತನ್ನು ಒರೆಸಿದೆ. ಅದೊಂದನ್ನೇ. ಅವಳ ಮೂವತ್ತೇಳನ್ನು ಬಿಟ್ಟೆ. ಅರ್ಧ ಬಳಿದ ಮನೆಯಲ್ಲಿ ದೀಪ ಹಚ್ಚಿ, ಗೋಡೆಗೆ ಎದುರಾಗಿ, ಅವಳು ನಿಲ್ಲುತ್ತಿದ್ದಲ್ಲೇ ನಿಂತು ಹೇಳಿದೆ. ಮಗಾ, ನಿನ್ನ ಕೈ ಇಳಿದಿರಲಿಲ್ಲ. ಅಪ್ಪಯ್ಯ ಅಳೆದದ್ದು ತಪ್ಪಿತ್ತು. ನೀನು ಬರೆದದ್ದು ಸರಿಯಿತ್ತು.

ಆಮೇಲೆ ಅನ್ನದ ಬುಟ್ಟಿ ಹೊತ್ತು ಗದ್ದೆಗೆ ಹೋದೆ. ಭೂಮಿಗೆ ಬಡಿಸಿದೆ. ಅದರ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ ಒಂದು ಹಪ್ಪಳ ಇಟ್ಟೆ. ಕಾಗೆ ಬಂತೋ ಇಲ್ಲವೋ ನಾನು ತಿರುಗಿ ನೋಡಲಿಲ್ಲ. ಮಣ್ಣಿಗೆ ಹಣೆ ಹಚ್ಚಿ ಕೇಳಿಕೊಂಡೆ:

ತಾಯಿ, ನಿನಗಾಗಿ ಎಂದು ನಾನು ಗೋಡೆ ಬಳಿದೆ, ನೀನು ಕೇಳಿರಲಿಲ್ಲ. ತಪ್ಪು ನನ್ನದು, ಅದರ ಭಾರ ನನ್ನ ಮೇಲಿರಲಿ. ನನ್ನ ಮಗಳು ನಿನ್ನ ಮಡಿಲಲ್ಲಿದ್ದಾಳೆ. ಅವಳು ಇನ್ನೂ ಹತ್ತುತ್ತಿದ್ದರೆ, ಸಾಕು ಮಗಳೇ, ಮುಟ್ಟಿದೆ ಎಂದು ಹೇಳು. ಅವಳ ಬೆರಳುಗಳು ಗೋಡೆಯನ್ನು ಬಿಡಲಿ. ಅವಳ ಕೈ ನೋವಿಲ್ಲದೆ ಇಳಿಯಲಿ. ಅವಳಿಗೆ ಶಾಂತಿ ಕೊಡು.